ಪ್ಲೇಟು ಹಾಡಲಿಕ್ಕೆ ಮೂವರು

ನಮ್ಮ ಊರಿನಲ್ಲಿ ಗ್ರಾಮಾಫೋನ್ ಪ್ಲೇಟು ಹಾಡಬೇಕಾದರೆ ಕೇಳಲಿಕ್ಕೆ ಮೂವರು ಇರಬೇಕು. ಒಬ್ಬರೋ ಇಬ್ಬರೋ ಕೂತರೆ ಪ್ಲೇಟು ತಿರುಗುತ್ತದೆ, ಮುಳ್ಳು ಅದರ ಮೇಲೆ ನೆಟ್ಟಗೆ ಓಡುತ್ತದೆ, ಆದರೆ ಪೆಟ್ಟಿಗೆಯಿಂದ ಪಿಟ್ಟೆಂಬ ಸದ್ದೂ ಹೊರಡುವುದಿಲ್ಲ. ಮೂರನೆಯವರು ಬಂದು ಕೂತರೋ, ಹಾಡು ಶುರು. ಬರೀ ಮೈ ತಂದು ಕೂರಿಸಿದರೆ ಸಾಲದು, ಮನಸ್ಸೂ ಅಲ್ಲಿರಬೇಕು. ಕೇಳುತ್ತ ಕೇಳುತ್ತ ಒಬ್ಬರ ಮನಸ್ಸು ಒಲೆಯ ಮೇಲಿಟ್ಟ ಹಾಲಿನ ಕಡೆಗೆ ಹೋಯಿತೆನ್ನಿ, ದನಿ ಸಣ್ಣಗಾಗುತ್ತ ಆಗುತ್ತ ನಿಂತೇಬಿಡುತ್ತದೆ. ಆಗ ಯಾರೂ ಯಾರನ್ನೂ ಬೈಯುವುದಿಲ್ಲ. ಯಾರ ಮನಸ್ಸು ಎದ್ದು ಹೋಗಿತ್ತೋ ಅವರೇ ಎದ್ದು, ಮುಖ ತೊಳೆದುಕೊಂಡು ಬಂದು ಕೂರಬೇಕು. ಇದು ನಮ್ಮ ಹಿರಿಯರು ಮಾಡಿಟ್ಟ ಪದ್ಧತಿ. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರ ಊರಿನಲ್ಲಿ ಏನೇನು ನಡೆಯುತ್ತದೆ ಎಂದು ನಾನೇನು ಕೇಳಲಿಕ್ಕೆ ಹೋಗಿದ್ದೇನೆಯೇ?

ನನ್ನ ಹೆಸರು ನಿಂಬವ್ವ. ಪೇಟೆಯಲ್ಲಿ ನಮ್ಮವರದು ಪ್ಲೇಟಿನ ಅಂಗಡಿ. ಜನ ಅವರನ್ನು ಪ್ಲೇಟಿನ ಸಿದ್ರಾಮಪ್ಪ ಎನ್ನುತ್ತಾರೆ, ನಾನು ಹೆಸರು ಹಿಡಿದು ಕರೆಯುವುದಿಲ್ಲ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಅವರ ಅಕ್ಕ ಶಿವಗಂಗವ್ವ. ಅಕ್ಕನದು ಹರಿತವಾದ ನಾಲಿಗೆ, ಮೆತ್ತಗಿನ ಮನಸ್ಸು. ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಬಂದ ಮರುದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಾಯಿಸಿ ಇಟ್ಟವರು. ಇವತ್ತಿಗೂ ನನಗೆ ಸಾಸಿವೆ ಹುಡುಕುವುದೆಂದರೆ ತಲೆನೋವು.

ಅಂಗಡಿಗೆ ಒಳ್ಳೆಯ ಕಾಲವೂ ಇತ್ತು, ಕೆಟ್ಟ ಕಾಲವೂ ಬಂತು. ಮೊದಲು ಕ್ಯಾಸೆಟ್ಟು ಬಂತು. ಅದಕ್ಕೆ ಮೂವರು ಬೇಕಿರಲಿಲ್ಲ, ಒಬ್ಬರಿದ್ದರೂ ಹಾಡುತ್ತಿತ್ತು, ಯಾರೂ ಇಲ್ಲದಿದ್ದರೂ ಹಾಡುತ್ತಿತ್ತು. ಆಮೇಲೆ ಮೊಬೈಲು. ಎಲ್ಲರ ಕಿವಿಯಲ್ಲೂ ವೈರು, ಎಲ್ಲರ ತಲೆಯೂ ಬೇರೆ ಬೇರೆ ತಾಳಕ್ಕೆ ಅಲ್ಲಾಡುವುದು. ಪ್ಲೇಟುಗಳು ಅಟ್ಟ ಸೇರಿದವು. ಕೆಲವರು ಅವನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿಕೊಂಡರು. ನಮ್ಮವರು ಅಂಗಡಿಯಲ್ಲಿ ಮೊಬೈಲ್ ಕವರು, ಚಾರ್ಜರು ನೇತುಹಾಕಿ ಹೇಗೋ ದಿನ ದೂಡಿದರು. ಬೋರ್ಡನ್ನು ಮಾತ್ರ ಬದಲಾಯಿಸಲಿಲ್ಲ. ಬದಲಾಯಿಸಿ ಎಂದರೆ, ಹೊಸ ಬೋರ್ಡಿಗೆ ಖರ್ಚು ಯಾರು ಮಾಡಬೇಕು ಎನ್ನುತ್ತಿದ್ದರು. ನಿಜವಾದ ಕಾರಣ ಖರ್ಚಲ್ಲವೆಂದು ನನಗೂ ಗೊತ್ತಿತ್ತು.

ಪ್ಲೇಟು ಮತ್ತೆ ಚಲಾವಣೆಗೆ ಬಂದದ್ದು ಕಾಲೇಜಿನ ಹುಡುಗಿಯರಿಂದ. ಒಂದೇ ಖೋಲಿಯಲ್ಲಿ ಬಾಡಿಗೆಗಿದ್ದ ಮೂವರು ಹುಡುಗಿಯರು ಮಾಲಕಿಯ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಸುಮ್ಮನೆ ಪ್ಲೇಟು ಹಾಕಿದರಂತೆ. ಹಾಡಿತು. ಮೂವರೂ ಒಂದೇ ಹಾಡನ್ನು ಒಂದೇ ಹೊತ್ತಿಗೆ ಕೇಳಿದ್ದು ಅದೇ ಮೊದಲಂತೆ. ಒಬ್ಬಳು ಅತ್ತಳಂತೆ. ಯಾಕೆ ಅತ್ತಳೋ, ಆ ವಯಸ್ಸಿನವರು ಯಾವುದಕ್ಕೆ ಅಳುವುದಿಲ್ಲ? ಅಲ್ಲಿಂದ ಹಿಡಿಯಿತು ನೋಡಿ. ಊರಿನ ಅಟ್ಟಗಳೆಲ್ಲ ಕೆಳಗಿಳಿದವು. ಹೊಸದಾಗಿ ಮದುವೆಯಾದವರಿಗೆ ಪೇಚಾಟ, ಇಬ್ಬರೇ ಕೂತರೆ ಹಾಡಿಲ್ಲ, ಅತ್ತೆಯನ್ನು ಕರೆಯಬೇಕು. ಅತ್ತೆಯಂದಿರು ಕರೆಯಿಸಿಕೊಂಡೇ ಬರುವವರಾದರು. ಒಂಟಿಯಾಗಿ ಕಟ್ಟೆಯ ಮೇಲೆ ಕೂತಿರುತ್ತಿದ್ದ ಮುದುಕರಿಗೆ ಬಂತು ನೋಡಿ ಬೇಡಿಕೆ, "ಮೂರನೆಯವರಾಗಿ ಬರ್ರಿ ಕಾಕಾ" ಎಂದು ಊಟಕ್ಕೆ ಹೇಳಿ ಕರೆದೊಯ್ಯುತ್ತಿದ್ದರು. ನಮ್ಮ ಓಣಿಯ ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್ ಆ ವರ್ಷ ಅಂಗಿಗಳನ್ನೆಲ್ಲ ದೊಡ್ಡದು ಮಾಡಿಸಿಕೊಂಡ.

ನಮ್ಮ ಅಂಗಡಿಗೆ ಜನ ಸಾಲುಗಟ್ಟಿದರು. ಊರಿಗೆಲ್ಲ ನಮ್ಮವರ ಕಿವಿಯ ಮೇಲೆ ಭರವಸೆ. ಅವರು ಪ್ಲೇಟನ್ನು ಕೇಳಿ, ಇದು ಚಲೋ ಐತಿ ಎಂದರೆ ಮುಗಿಯಿತು, ಮತ್ತೆ ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ರೈಲ್ವೆ ಸ್ಟೇಶನ್ ಹತ್ತಿರ ಇನ್ನೊಬ್ಬ ಥಳಕಿನ ಅಂಗಡಿ ತೆರೆದು ಬಣ್ಣದ ದೀಪ ಹಾಕಿದ. ಆದರೂ ಜನ ಬರುತ್ತಿದ್ದದ್ದು ನಮ್ಮಲ್ಲಿಗೇ. ನಮ್ಮವರ ಮುಖದಲ್ಲಿ ಮದುವೆಯ ಹೊಸತರಲ್ಲಿದ್ದ ಕಳೆ ಮತ್ತೆ ಕಂಡಿತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಹಚ್ಚಿದ್ದೇ ತಪ್ಪಾಯಿತೋ ಏನೋ.

ಒಂದು ರವಿವಾರ ಊಟವಾದ ಮೇಲೆ ನಮ್ಮವರು ಒಂದು ಪ್ಲೇಟು ತಂದು ಹಾಕಿದರು. ನಾನು, ಅವರು, ಅಕ್ಕ. ಪ್ಲೇಟು ತಿರುಗಿತು, ಹಾಡಲಿಲ್ಲ. ನನಗೇ ನಾಚಿಕೆಯಾಯಿತು, ಯಾಕೆಂದರೆ ನಾನು ಮರುದಿನದ ಬೇಳೆ ನೆನೆಹಾಕುವ ಯೋಚನೆಯಲ್ಲಿದ್ದೆ. ಎದ್ದು ಮುಖ ತೊಳೆದುಕೊಂಡು ಬಂದೆ. ಹಾಡಲಿಲ್ಲ.

"ಮೂರು ಮಂದಿ ಕುಂತೀವಿ, ಯಾಕ ಬಾಯಿ ಬಿಡವಲ್ದಿದು?" ಎಂದು ಅಕ್ಕನೂ ಹೋಗಿ ಮುಖ ತೊಳೆದುಕೊಂಡು ಬಂದರು. ಹಾಡಲಿಲ್ಲ. ಕೊನೆಗೆ ನಮ್ಮವರು ಎದ್ದರು. ಮುಖ ತೊಳೆದು, ಒರೆಸಿಕೊಂಡು, ಒಮ್ಮೆ ನನ್ನ ಮುಖ, ಒಮ್ಮೆ ಅಕ್ಕನ ಮುಖ ನೋಡಿ ಕೂತರು. ಊಹೂಂ.

"ಪ್ಲೇಟ್ ಕೆಟ್ಟಿರಬೇಕು" ಎಂದು ಎತ್ತಿಟ್ಟರು.

ಕೆಟ್ಟಿರಲಿಲ್ಲ. ಮರುದಿನ ಅವರಿಗೆ ಬುತ್ತಿ ಒಯ್ದಾಗ ಅದೇ ಪ್ಲೇಟು ಅಂಗಡಿಯಲ್ಲಿ ಆರೇಳು ಗಿರಾಕಿಗಳ ನಡುವೆ ಗಂಟಲು ಬಿಚ್ಚಿ ಹಾಡುತ್ತಿತ್ತು. ನಾನು ಬುತ್ತಿ ಇಟ್ಟು ಬಂದೆ. ಅವತ್ತೇ ಮಧ್ಯಾಹ್ನ ಮನೆಯ ಪೆಟ್ಟಿಗೆಯಲ್ಲಿ ಬೇರೊಂದು ಪ್ಲೇಟು ಇಟ್ಟು, ಪಕ್ಕದ ಮನೆಯ ಪಾರವ್ವನನ್ನು ಕರೆದು, ಅಕ್ಕನನ್ನೂ ಕೂರಿಸಿಕೊಂಡು ಹಾಕಿದೆ. ಓಣಿಯ ತುದಿಗೆ ಕೇಳುವ ಹಾಗೆ ಹಾಡಿತು. ಪಾರವ್ವ ತಲೆದೂಗಿ, ಚಹಾ ಕುಡಿದು ಹೋದಳು. ಅಕ್ಕ ನನ್ನ ಮುಖ ನೋಡಿ ಬೇರೆ ಕಡೆಗೆ ತಿರುಗಿದರು.

"ತಂಗಿ, ತಮ್ಮನ ಮನಸ್ಸು ಮನ್ಯಾಗಿಲ್ಲ" ಎಂದರು.

ನಮ್ಮ ಊರಿನಲ್ಲಿ ಈ ಮಾತು ಸಣ್ಣದಲ್ಲ. ಗಂಡ ಮನೆಯಲ್ಲಿ ಕೂತಾಗ ಪ್ಲೇಟು ಮೂಕಾಯಿತೆಂದು ಟ್ರಂಕು ಹೊತ್ತು ತವರಿಗೆ ಹೋದ ಹೆಂಗಸನ್ನು ನಾನೇ ಕಂಡಿದ್ದೆ. ಅಂಗಡಿಯಲ್ಲಿ ಹಾಡುತ್ತದೆ, ಮನೆಯಲ್ಲಿ ಹಾಡುವುದಿಲ್ಲ. ಹಾಗಾದರೆ ಮನಸ್ಸು ಎಲ್ಲಿದೆ? ಅಂಗಡಿಯಲ್ಲಿ. ಅಂಗಡಿಯಲ್ಲಿ ಅಂಥದ್ದು ಏನಿದೆ? ಅದನ್ನು ನೋಡಲಿಕ್ಕೆ ನಾನು ದಿನಾ ಬುತ್ತಿ ಒಯ್ಯತೊಡಗಿದೆ. ಮೊದಲು ಓಣಿಯ ಯಾವನಾದರೂ ಹುಡುಗನ ಕೈಯಲ್ಲಿ ಕಳಿಸಿದರೂ ನಡೆಯುತ್ತಿತ್ತು, ಈಗ ನಾನೇ ಆಗಬೇಕು.

ಕಂಡದ್ದು ಏನು ಹೇಳಲಿ. ಶಾಲೆಯಲ್ಲಿ ಸಂಗೀತ ಕಲಿಸುವ ಮಂದಾಕಿನಿ ಟೀಚರ್ ಎಂಬವಳಿದ್ದಾಳೆ. ಮದುವೆಯಿಲ್ಲ, ಮಕ್ಕಳಿಲ್ಲ, ನೋಡಲಿಕ್ಕೂ ಅಡ್ಡಿಯಿಲ್ಲ. ಅವಳು ಕೌಂಟರಿನ ಈಚೆ ನಿಂತು ಯಾವುದೋ ಪ್ಲೇಟಿನ ಬಗ್ಗೆ ಕೇಳುತ್ತಿದ್ದಳು. ನಮ್ಮವರು ಆಚೆಯಿಂದ ಬಗ್ಗಿ ಅವಳ ತುಟಿಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು! ಹಾಗೆ ನನ್ನನ್ನು ಮದುವೆಯಾದ ವರ್ಷವೂ ನೋಡಿದವರಲ್ಲ. ಬುತ್ತಿಯನ್ನು ಕೌಂಟರಿನ ಮೇಲೆ ಕುಕ್ಕಿ ಬಂದೆ. ಆಮೇಲೆ ಒಂದೊಂದೇ ಲೆಕ್ಕಕ್ಕೆ ಸಿಗತೊಡಗಿತು. ನಾನು ಅಡುಗೆಮನೆಯಿಂದ ಮಾತಾಡಿದರೆ ಉತ್ತರವಿಲ್ಲ. ಏನು ಹೇಳಿದರೂ ಬರೀ ನಗು, ಹೂಂಗುಟ್ಟುವಿಕೆ. ಮೊಬೈಲು ಮನೆಯಲ್ಲೇ ಬಿಟ್ಟು ಹೋಗುವುದು. "ಯಾರರ ಫೋನ್ ಮಾಡಿದ್ರ ನೀನs ಮಾತಾಡು" ಎಂದಿದ್ದರು. ಫೋನನ್ನು ಮುಟ್ಟದಿದ್ದರೆ ಹೆಂಡತಿಗೆ ಸಂಶಯ ಬರುವುದಿಲ್ಲ ಎಂಬ ಉಪಾಯ ಇದು ಎಂದುಕೊಂಡೆ. ಎಂಥ ಕಿಲಾಡಿ ಎಂದುಕೊಂಡೆ. ತಡಕಾಡಿ ನೋಡಿದೆ, ಮಗಳ ಫೋಟೋ, ಗ್ಯಾಸ್ ಸಿಲಿಂಡರಿನ ಮೆಸೇಜು ಬಿಟ್ಟರೆ ಏನೂ ಇರಲಿಲ್ಲ. ಅಳಿಸಿಹಾಕಿದ್ದಾರೆ ಎಂದು ಇನ್ನಷ್ಟು ಉರಿಯಿತು.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಅಕ್ಕ ಗುಡಿಗೆ ಹೋಗಿದ್ದರು. ನಮ್ಮವರು ಪಡಸಾಲೆಯಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತು, ಮೆತ್ತನೆಯ ಬಟ್ಟೆಯಿಂದ ಪ್ಲೇಟು ಒರೆಸುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಶುರು ಮಾಡಿದೆ.

"ಮನಸ್ಸ್ ಅಲ್ಲಿ ಇಟ್ಟ್ ಮ್ಯಾಲೆ ಮೈ ಒಂದ್ ಯಾಕ ಇಲ್ಲಿ ತಂದ್ ಒಗೀತೀರಿ? ಆಕೀ ಮನೀಗೇ ಹೋಗ್ರಿ! ಆಕೀ ಕೈಲೇ ರೊಟ್ಟಿ ಬಡಿಸ್ಕೊಂಡ್ ತಿನ್ರಿ! ಹಾಡಾಕ ಬರ್ತೈತಿ ಆಕೀಗೆ, ರೊಟ್ಟಿ ಬಡ್ಯಾಕ ಬರ್ತೈತೇನ ಕೇಳ್ರಿ ಮೊದಲ. ನಾ ಈ ಮನ್ಯಾಗ ಕೂದಲಾ ಬೆಳ್ಳಗ ಮಾಡ್ಕೊಂಡೀನಿ, ನಿಮ್ಮ ಕಣ್ಣಿಗೆ ಅದೂ ಕಾಣಂಗಿಲ್ಲ!"

ಇಷ್ಟೇ ಅಲ್ಲ. ಇಲ್ಲಿ ಬರೆಯಲಾಗದ್ದನ್ನೂ ಅಂದೆ. ಅವರ ತಂದೆಯನ್ನು ಎಳೆತಂದೆ, ಅವರ ಕುಲದ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದೆ. ಕೂಗಿ ಕೂಗಿ ಗಂಟಲು ಒಣಗಿತು. ಬಾಗಿಲಿನ ಹೊರಗೆ ಹೋಗುತ್ತಿದ್ದ ತರಕಾರಿಯವಳು ಗಾಡಿ ನಿಲ್ಲಿಸಿ ಒಳಗೆ ಇಣುಕಿದಳು. ನಮ್ಮವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿದರು. ಅವರ ಭುಜ ಅಲ್ಲಾಡಲಿಲ್ಲ. ಕುತ್ತಿಗೆ ಬಿಗಿಯಲಿಲ್ಲ. ಬೈಗುಳ ಕೇಳಿಯೂ ಕೇಳದ ಹಾಗೆ ಕೂತ ಗಂಡಸಿನ ಬೆನ್ನು ಹೇಗಿರುತ್ತದೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿಲ್ಲವೇ? ಇದು ಆ ಬೆನ್ನಾಗಿರಲಿಲ್ಲ. ಕೈಯಲ್ಲಿದ್ದ ಸ್ಟೀಲಿನ ತಾಟನ್ನು ನೆಲಕ್ಕೆ ಬಿಟ್ಟೆ. ತರಕಾರಿಯವಳು ಬೆಚ್ಚಿಬಿದ್ದಳು. ಅವರು ಪ್ಲೇಟು ಒರೆಸುತ್ತಲೇ ಇದ್ದರು.

ಆಮೇಲೆ ಪ್ಲೇಟು ಕೆಳಗಿಡಲು ತಿರುಗಿದವರು ನನ್ನನ್ನು ಕಂಡು ನಕ್ಕರು. "ಯಾವಾಗ ಬಂದ್ ನಿಂತಿ? ಒಂದೀಟ್ ಚಾ ಮಾಡ್ತೀಯೇನು?"

ಮಾಡಿದೆ. ಚಹಾಕ್ಕೆ ಸಕ್ಕರೆ ಹಾಕುತ್ತ ನನಗೆ ಖುಷಿಯಾಯಿತು. ಗಂಡ ಕಿವುಡನಾದನೆಂದು ಖುಷಿಪಟ್ಟ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಅವರ ಮನಸ್ಸಿನಲ್ಲಿ ಟೀಚರೂ ಇಲ್ಲ, ಯಾರೂ ಇಲ್ಲ, ತುಟಿ ನೋಡಿದ್ದು ಮಾತು ತಿಳಿಯಲಿಕ್ಕೆ! ಕಪ್ಪು ಅವರ ಕೈಗೆ ಕೊಡುವ ಹೊತ್ತಿಗೆ ಆ ಖುಷಿ ಇಳಿದು ಕಣ್ಣಿಗೆ ಬಂತು. ಊರಿಗೆಲ್ಲ ಹಾಡು ತಿರುಗಿ ಬಂದ ಹೊತ್ತಿಗೇ ಇವರ ಕಿವಿ ಹೋಗಬೇಕೇ? ಕಿವಿ ಕೇಳದವರು ಪ್ಲೇಟಿನ ಮುಂದೆ ಬಂದು ಕೂರುವುದಿಲ್ಲ, ಹಾಗಾಗಿ ಪ್ಲೇಟು ಮೂಕಾಗಲು ಅದೂ ಒಂದು ಕಾರಣವಾಗಬಹುದೆಂದು ಊರಿನಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಮನಸ್ಸಿನ ಮೇಲೆ ಸಂಶಯ ಬಂದರೂ ಸರಿ, ಕಿವಿಯ ವಿಷಯ ಹೊರಗೆ ಬೀಳಬಾರದೆಂದು ಅವರೂ ನಮ್ಮ ಹಾಗೆ ಮುಖ ತೊಳೆದುಕೊಂಡು ಬಂದು ಕೂತಿದ್ದರು. ಪ್ಲೇಟಿನ ಸಿದ್ರಾಮಪ್ಪನಿಗೆ ಕಿವಿ ಕೇಳುವುದಿಲ್ಲ ಎಂದರೆ ಅಂಗಡಿಯಲ್ಲಿ ಉಳಿಯುವುದು ಏನು? ಮೊಬೈಲ್ ಕವರು.

ನನಗೆ ಗೊತ್ತಾಯಿತೆಂದು ನಾನು ಹೇಳಲಿಲ್ಲ. ಮುಚ್ಚಿಟ್ಟದ್ದನ್ನು ನಾನೇ ಕೆದಕಿದರೆ ಅವರಿಗೆ ಅವಮಾನ. ಅವರಾಗಿಯೇ ಹೇಳಲಿ ಎಂದು ನಾನು ಕಾದೆ, ನನಗೆ ತಿಳಿಯಬಾರದೆಂದು ಅವರು ಕಾದರು. ದಿನಾ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರತೊಡಗಿದೆ. ಪ್ಲೇಟು ಹಾಕುವ ಮೊದಲು ಅವರನ್ನು ಬಿಟ್ಟು ತಲೆ ಎಣಿಸುವುದು, ಒಂದು ಕಡಿಮೆ ಬಿದ್ದರೆ ಎದುರಿನ ಚಹಾದ ಹುಸೇನಸಾಬನನ್ನು ಚಹಾದ ನೆಪದಲ್ಲಿ ಕರೆಸಿ ಹಾಡು ಮುಗಿಯುವವರೆಗೆ ಬಿಡದಿರುವುದು, ಇಷ್ಟೇ ನನ್ನ ಕೆಲಸ. ಗಿರಾಕಿಗಳ ಮುಖ ನೋಡಿ ಪ್ಲೇಟಿನ ಗುಣ ಹೇಳುವುದನ್ನು ನಮ್ಮವರು ಆಗಲೇ ಕಲಿತುಬಿಟ್ಟಿದ್ದರು. ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಿದ್ದರು.

"ಮನ್ಯಾಗ ಕೆಲಸ ಇಲ್ಲೇನ ನಿನಗ?" ಎಂದು ಒಂದು ದಿನ ಕೇಳಿದರು.

ಅವರ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಹೇಳಿದೆ, "ಅಕ್ಕಾರ ಅದಾರಲ್ಲ, ಮಾಡ್ತಾರ."

ರವಿವಾರ ಪಾರವ್ವನನ್ನೂ ಕರೆಯತೊಡಗಿದೆ. ಪ್ಲೇಟು ಹಾಡಿತು. ತಮ್ಮನ ಮನಸ್ಸು ಮನೆಗೆ ಬಂತೆಂದು ಅಕ್ಕ ನನ್ನ ಕೈಯಿಂದ ಐದು ಜನ ಮುತ್ತೈದೆಯರಿಗೆ ಉಡಿ ತುಂಬಿಸಿದರು.

ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವರು ಅಂಬಾಬಾಯಿ, ಕೋಟೆ ಓಣಿಯ ದೊಡ್ಡ ಮನೆಯವರು. ಆಟೋದವನು ಎರಡು ಟ್ರಂಕು ಇಳಿಸಿ ಹೋದ. ತುಂಬ ಪ್ಲೇಟುಗಳು. ಊರಿನ ಪ್ಲೇಟಿನವರೆಲ್ಲ ಕೇಳಿದ್ದರು ಆ ಟ್ರಂಕುಗಳ ಸುದ್ದಿ, ಕಣ್ಣಿಂದ ಕಂಡವರಿಲ್ಲ.

"ನಮ್ಮ ಯಜಮಾನ್ರು ಜೀವದಂಗ ಇಟ್ಟಿದ್ರು ಇವನ್ನ" ಎಂದರು ಅಂಬಾಬಾಯಿ, ಖುರ್ಚಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತ. "ಮನ್ಯಾಗ ಈಗ ನಾ ಒಬ್ಬಾಕಿ. ಹಾಕಿದ್ರ ಹಾಡಂಗಿಲ್ಲ. ಸ್ಟೇಶನ್ ಹಂತ್ಯಾಕಿನ ಅಂಗಡ್ಯಾವ ರೊಕ್ಕಾ ಹೆಚ್ಚಿಗೀ ಕೊಡ್ತೀನಂದ. ಆದ್ರ ಒಂದರ ಪ್ಲೇಟ್ ಕೇಳಿದ್ನೇನು? ಬದನೀಕಾಯಿ ಎಣಿಸಿದಂಗ ಎಣಿಸಿದ. ನೀವು ಕೇಳಿ ತಗೋತೀರಂತ ಬಂದೀನಿ. ಒಂದ್ ಹಾಕ್ರಿ, ಕೇಳೋಣು."

ನಾನು ರಸ್ತೆಯ ಕಡೆ ನೋಡಿದೆ. ಹುಸೇನಸಾಬ ನಮಾಜಿಗೆ ಹೋಗಿದ್ದ. ಅಕ್ಕಪಕ್ಕದ ಅಂಗಡಿಯವರೆಲ್ಲ ಊಟಕ್ಕೆ ಬಾಗಿಲು ಎಳೆದುಕೊಂಡಿದ್ದರು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. "ಸ್ವಲ್ಪ ತಡೀರಿ ಅಮ್ಮಾ, ಚಾ ಕುಡದ್ ಕೇಳೋಣು" ಎಂದೆ. "ಚಾ ಒಲ್ಲೆವ್ವಾ, ಆಸಿಡಿಟಿ" ಎಂದರು. ಅಷ್ಟರಲ್ಲಿ ನಮ್ಮವರು ಆಸೆಯಿಂದ ಒಂದು ಪ್ಲೇಟು ಎತ್ತಿ, ಒರೆಸಿ, ಮುಳ್ಳು ಇಟ್ಟೇಬಿಟ್ಟರು. ಒಳಗೊಳಗೇ ತಲೆ ಎಣಿಸುತ್ತಿದ್ದ ಅವರಿಗೆ ಆಗ ಅದು ಮರೆತಿತ್ತು.

ಪ್ಲೇಟು ತಿರುಗಿತು. ಸದ್ದಿಲ್ಲ.

ಅಂಬಾಬಾಯಿ ನಮ್ಮಿಬ್ಬರನ್ನೂ ನೋಡಿದರು. ಈಕೆ ಎದ್ದು ಹೋಗಿ, ಇಲ್ಲಿ ಪ್ಲೇಟು ಹಾಡಲಿಲ್ಲವೆಂದು ಊರಿನಲ್ಲಿ ಒಂದು ಮಾತು ಹೇಳಿದರೆ ಸಾಕು, ನಮ್ಮ ಅಂಗಡಿ ಮುಚ್ಚಿದ ಹಾಗೆ. ನಾನು ಎದ್ದೆ. "ನಂದ್ರೀ ಅಮ್ಮಾ. ನನ್ನ ಮನಸ್ಸ ಇಲ್ಲಿರಲಿಲ್ಲ" ಎಂದು ಹೇಳಿ, ಮೂಲೆಯ ಕೊಡದಿಂದ ನೀರು ತೆಗೆದು ಮುಖ ತೊಳೆದೆ. ನಿಧಾನ ಮಾಡಿದೆ. ಸೆರಗಿನಿಂದ ಒರೆಸಿಕೊಳ್ಳುತ್ತ ರಸ್ತೆ ನೋಡಿದೆ. ಯಾರೂ ಇಲ್ಲ. ಬಂದು ಕೂತೆ. ಪ್ಲೇಟು ಸುಮ್ಮನೆ ತಿರುಗುತ್ತಿತ್ತು.

"ಗಂಡನ ಅಂಗಡ್ಯಾಗ, ಗಂಡನ ಬಾಜೂಕ ಕುಂತೀದಿ" ಎಂದರು ಅಂಬಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮುಖಾ ತೊಳದ್ರೂ ಬರವಲ್ದಂದ್ರ, ಎಲ್ಲಿ ಇಟ್ಟ್ ಬಂದೀ ಯವ್ವಾ ಮನಸ್ಸು?"

ಸಂಜೆಯೊಳಗೆ ಈ ಮಾತು ಕೋಟೆ ಓಣಿಯಿಂದ ನಮ್ಮ ಓಣಿಗೆ ಬರುತ್ತದೆ ಎಂದು ಗೊತ್ತಿತ್ತು. ನಿಂಬವ್ವನ ಮನಸ್ಸು ಗಂಡನ ಹತ್ತಿರ ಇಲ್ಲವಂತೆ. ಅಕ್ಕನ ಕಿವಿಗೂ ಬೀಳುತ್ತದೆ, ಮಗಳ ಅತ್ತೆಯ ಕಿವಿಗೂ ಬೀಳುತ್ತದೆ. ಬೀಳಲಿ. ನಾನು ತಲೆ ತಗ್ಗಿಸಿ ಮತ್ತೊಮ್ಮೆ ಕೊಡದ ಕಡೆಗೆ ಎದ್ದೆ.

ಕೈ ಹಿಡಿದು ಯಾರೋ ಜಗ್ಗಿದ ಹಾಗಾಯಿತು. ನಮ್ಮವರು. ಮೂರನೆಯವರ ಎದುರಿಗೆ ನನ್ನ ಕೈ ಹಿಡಿದವರಲ್ಲ ಅವರು, ಮದುವೆಯ ಮಂಟಪದಲ್ಲಿ ಹಿಡಿದದ್ದೇ ಕೊನೆ. ಅಂಬಾಬಾಯಿಯ ತುಟಿಯ ಮೇಲೆ ಆ ಮಾತನ್ನು ಅವರು ಓದಿಬಿಟ್ಟಿದ್ದರು.

"ಕುಂಡ್ರು" ಎಂದರು ನನಗೆ. ಆಮೇಲೆ ಅಂಬಾಬಾಯಿಯ ಕಡೆ ತಿರುಗಿ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ, ಇಡೀ ಪೇಟೆಗೆ ಕೇಳುವ ಹಾಗೆ ಹೇಳಿದರು. "ಅಮ್ಮಾರ, ಆಕೀ ಮನಸ್ಸ ಇಲ್ಲೇ ಐತಿ. ಎಲ್ಲೂ ಹೋಗಿಲ್ಲ. ನನಗs ಕಿವಿ ಕೇಳಂಗಿಲ್ಲ. ವರ್ಷದ ಮ್ಯಾಲಾತು. ಆಕೀಗೆ ಗೊತ್ತೈತಿ, ಗೊತ್ತಿಲ್ಲದಂಗ ಇದ್ದಾಳ."

ನನಗೆ ಗೊತ್ತೆಂದು ಅವರಿಗೆ ಗೊತ್ತಿತ್ತು!

ಅಂಬಾಬಾಯಿ ಎದ್ದರು. ಪ್ಲೇಟಿನ ಮೇಲಿದ್ದ ಮುಳ್ಳನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಟ್ರಂಕಿನ ಮುಚ್ಚಳ ಹಾಕುತ್ತಾರೆ ಎಂದುಕೊಂಡೆ.

"ಹಂಗಾದ್ರ ಇನ್ನೊಬ್ಬರನ್ನ ಕರ್ಯಾಕ ಬರೂದಿಲ್ಲೇನು? ಅದಕ್ಕ ಈ ಹೆಣಮಗಳ ಮುಖಾ ಎಷ್ಟ್ ಸಲ ತೊಳಸ್ತೀರಿ?" ಎಂದರು.

ಹುಸೇನಸಾಬ ಟೋಪಿ ತೆಗೆಯುತ್ತ ರಸ್ತೆಯ ತಿರುವಿನಲ್ಲಿ ಬರುತ್ತಿದ್ದ. ಕೈ ಬೀಸಿ ಕರೆದೆ. ಬಂದು ಹೊಸ್ತಿಲ ಮೇಲೆ ಕೂತ. ಅಂಬಾಬಾಯಿ, ಹುಸೇನಸಾಬ, ನಾನು. ನಮ್ಮವರು ಮತ್ತೆ ಮುಳ್ಳು ಇಟ್ಟರು, ಹಾಡು ಶುರುವಾಯಿತು.

"ಕೇಳೂದಿಲ್ಲಂದ್ರ ನೀವು ಚಲೋ ಕೆಟ್ಟದ್ದು ಹ್ಯಾಂಗ ಹೇಳಾವ್ರು?" ಎಂದು ಅಂಬಾಬಾಯಿ ಅವರಿಗೆ ಕಾಣುವ ಹಾಗೆ ಮುಖ ಮಾಡಿ ಕೇಳಿದರು.

"ಈಕೀ ಮುಖಾ ನೋಡಿ ಹೇಳ್ತೀನ್ರಿ" ಎಂದು ನಮ್ಮವರು ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತರು.

ನಿಜ ಹೇಳುತ್ತೇನೆ, ನನಗೆ ಹಾಡು ತಿಳಿಯುವುದಿಲ್ಲ. ಪ್ಲೇಟಿನವನ ಹೆಂಡತಿಯಾಗಿ ಇಷ್ಟು ವರ್ಷ ಕೇಳಿದ್ದೆಲ್ಲ ಅರ್ಧ ಬೇಳೆಯ ಮೇಲೆ, ಅರ್ಧ ಹಾಲಿನ ಮೇಲೆ. ಆ ದಿನ ಮಾತ್ರ ಒಂದೊಂದು ಅಕ್ಷರಕ್ಕೂ ಕಿವಿಗೊಟ್ಟೆ, ನನ್ನ ಮುಖ ಅವರಿಗೆ ಸುಳ್ಳು ಹೇಳಬಾರದಲ್ಲ. ಯಾವುದೋ ಹೆಂಗಸು ಎದೆ ತುಂಬಿ ಹಾಡುತ್ತಿದ್ದಳು. ಅಂಬಾಬಾಯಿ ಕಣ್ಣು ಮುಚ್ಚಿಕೊಂಡಿದ್ದರು. ಟೀಚರಿನ ತುಟಿಯನ್ನು ನೋಡಿದ್ದಕ್ಕಿಂತ ಹತ್ತು ಪಟ್ಟು ಹತ್ತಿರದಿಂದ ನಮ್ಮವರು ನನ್ನ ಮುಖವನ್ನು ನೋಡುತ್ತಿದ್ದರು. ಒಂದು ಕಡೆ ಟಕ್ಕೆಂದು ಸದ್ದಾಯಿತು, ನನ್ನ ಹುಬ್ಬು ಅಷ್ಟೇ ಅಲ್ಲಾಡಿರಬೇಕು, ಅವರು ಕೂಡಲೇ ಪ್ಲೇಟಿನ ಕಡೆ ಬೆರಳು ತೋರಿಸಿದರು. "ಇಲ್ಲೊಂದು ಸಣ್ಣ ಗೀರೈತಿ. ಹೌದಿಲ್ಲೋ?"

ಹೌದೆಂದು ತಲೆಯಾಡಿಸಿದೆ. ಆಡಿಸುತ್ತಿದ್ದ ಹಾಗೇ ಕಣ್ಣೀರು ದಳದಳ ಇಳಿಯಿತು, ತಡೆಯಲಾಗಲಿಲ್ಲ.

ನಮ್ಮವರು ಗಾಬರಿಯಾಗಿ ಪ್ಲೇಟಿನ ಮೇಲೆ ಬಗ್ಗಿ ನೋಡಿದರು, ನನ್ನನ್ನು ನೋಡಿದರು. "ಅಳೂವಷ್ಟ್ ದೊಡ್ಡದೈತೇನ ಗೀರು?" ಎಂದು ಕೇಳಿದರು.